ಅಕ್ಕ ಬಡಿದ ನೊರೆ

ಈಗಲೂ ಆಮ್ಲೆಟ್ಟಿನ ವಾಸನೆ ಮೂಗಿಗೆ ಬಡಿದರೆ ನನ್ನ ಮೈ ಉರಿಯುತ್ತದೆ.

ಕೊಟ್ಟೂರಿನ ನಮ್ಮ ಮನೆಗೆ ಮೊಟ್ಟೆ ಬಂದದ್ದು ಒಂದೇ ಸಲ. ಟೀವಿಯಲ್ಲಿ ನೋಡಿ ಕಲಿತಿದ್ದ ಅಕ್ಕ, ಕದ್ದುಮುಚ್ಚಿ ತಂದ ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ತೋಳು ಸೋಲುವವರೆಗೆ ಬಡಿದಳು. ಆ ನೊರೆಯನ್ನು ಓವನ್ನಿನಲ್ಲಿ ಗರಿಗರಿಯಾಗಿ ಬೇಯಿಸಿ, ಮೇಲೆ ಕೆನೆ, ಮಾವು, ದಾಳಿಂಬೆ ಪೇರಿಸಿದಳು.

"ಬಾಯಾಗಿಟ್ರ ಕರಗತೈತಲ್ಲ ಯವ್ವಾ, ಇನ್ನೊಂದೀಟು ಹಾಕು," ಎಂದಳು ಅಜ್ಜಿ.

ಅಷ್ಟರಲ್ಲಿ ಅಪ್ಪ ಹಿತ್ತಲಿನಿಂದ ಮೊಟ್ಟೆಯ ಚಿಪ್ಪು ಹಿಡಿದು ಬಂದ. "ಲಿಂಗ ಕಟ್ಟಿದ ಮನಿಯಾಗ ತತ್ತಿ ತರ್ತೀಯೇನ್ಲೇ?" ಎಂದು ಅಕ್ಕನ ಕೆನ್ನೆಗೆ ಹೊಡೆದು, ತಟ್ಟೆಯನ್ನು ತಿಪ್ಪೆಗೆ ಎಸೆದ. ಅಜ್ಜಿ ಬಾಯಲ್ಲಿದ್ದುದನ್ನು ಸದ್ದಿಲ್ಲದೆ ನುಂಗಿದಳು. ಅಕ್ಕ ಅಳುತ್ತಲೇ ಅಡುಗೆಮನೆಯನ್ನೆಲ್ಲ ತೊಳೆದಳು.

ಸಂಜೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದ ಅಪ್ಪ ನನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮುದ್ದಿಟ್ಟ. ಅವನ ಮೀಸೆ ಎಂದಿನಂತೆ ಆಮ್ಲೆಟ್ಟು ನಾರುತ್ತಿತ್ತು.