ಗಿಂಪಿಗೆ ಗಿರ್ಮಿಟ್ಟು

ಊರಿನ ಮುದುಕಿಯರೂ ಲಿನಕ್ಸ್ ಕಂಪ್ಯೂಟರಿನಲ್ಲೇ ಪಂಚಾಂಗ ನೋಡುತ್ತಿದ್ದ ಕಾಲ. ವಿಂಡೋಸ್ ಎಂಬುದನ್ನು ಗದಗಿನಲ್ಲಿ ಯಾರೂ ಕಂಡವರಲ್ಲ. ಅಂಥದರಲ್ಲಿ ಭೂಮಾಪನ ಕಚೇರಿಗೆ ಸುತ್ತೋಲೆ ಬಂತು: ಸೋಮವಾರದಿಂದ ಎಲ್ಲ ಕಂಪ್ಯೂಟರಿಗೂ ವಿಂಡೋಸ್, ಈಗಿನ ಪ್ರತಿ ತಂತ್ರಾಂಶಕ್ಕೂ ಪರ್ಯಾಯ ಹುಡುಕಿ ಪಟ್ಟಿ ಕಳಿಸತಕ್ಕದ್ದು.

ಪಟ್ಟಿ ಬಿದ್ದದ್ದು ಹಂಗಾಮಿ ನೌಕರಿಯ ನೀಲಾಂಬಿಕೆಯ ತಲೆಗೆ. ಶನಿವಾರದೊಳಗೆ ಒಪ್ಪಿಗೆಯಾಗದಿದ್ದರೆ ನೌಕರಿ ಇಲ್ಲ. ಸಭೆಯಲ್ಲಿ ಎಂದೂ ಬಾಯಿ ತೆರೆಯದ ಹುಡುಗಿ ಮೂರು ದಿನ ಹುಡುಕಿದಳು. ನಕಾಶೆ ತಿದ್ದುವ ಗಿಂಪ್, ಓದುವ ಓಕ್ಯುಲರ್, ಬರೆಯುವ ಕೇಟ್ ಎಲ್ಲವೂ ವಿಂಡೋಸಿನಲ್ಲೂ ಓಡುತ್ತಿದ್ದವು. ಪಟ್ಟಿಯಲ್ಲಿ ಎಡಕ್ಕೆ ಗಿಂಪ್, ಪರ್ಯಾಯವೆಂದು ಬಲಕ್ಕೂ ಗಿಂಪ್ ಎಂದು ಬರೆದಳು.

ಸೂಪರಿಂಟೆಂಡೆಂಟ್ ಹುಡೇದ ಸಾಹೇಬರು ಕನ್ನಡಕ ಏರಿಸಿದರು. "ಏನವಾ, ಎರಡೂ ಕಡೆ ಒಂದ ಬರದೀಯಲ್ಲ? ಪರ್ಯಾಯ ಅಂದ್ರ ಬ್ಯಾರೆ ಇರಬೇಕು. ನಿನಗ ಡಿಗ್ರಿ ಕೊಟ್ಟಾಂವ ಯಾಂವ?"

"ಸರ್, ಅದು ಅಲ್ಲೂ..."

"ಬ್ಯಾರೆ ಹೆಸರು ಬರಕೊಂಡು ಬಾ, ಹೋಗು!"

ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಹಲ್ಲು ಕಚ್ಚಿ, ಚುರುಮುರಿ ಗಾಡಿಯ ತಿಂಡಿಗಳನ್ನೇ ನೆನೆದು ಗಿಂಪಿಗೆ ಗಿರ್ಮಿಟ್ಟು, ಓಕ್ಯುಲರಿಗೆ ಒಗ್ಗರಣಿ, ಕೇಟಿಗೆ ಖಾರಾ ಎಂದು ಗೀಚಿ ಕೊಟ್ಟಳು.

"ಹಾಂ, ಇದಕ್ಕ ಅಂತಾರ ಪರ್ಯಾಯ!" ಸಾಹೇಬರು ಮೊಹರು ಒತ್ತಿದರು. ನೌಕರಿ ಉಳಿಯಿತು.

ಸೋಮವಾರದ ತರಬೇತಿಗೆ ನಲವತ್ತು ಮಂದಿ ಸೇರಿದ್ದರು. ನೀಲಾಂಬಿಕೆ ಹೊಸ ಕಂಪ್ಯೂಟರಿನಲ್ಲಿ ಅದೇ ಹಳೆಯ ಗಿಂಪ್ ತೆರೆದಳು. ಸಾಹೇಬರು ಮೌಸು ಹಿಡಿದು ನಾಲ್ಕು ಗೆರೆ ಎಳೆದರು.

"ಆ ಗಿಂಪಿಗಿಂತ ಈ ಗಿರ್ಮಿಟ್ಟು ಎಷ್ಟ್ ಹಗರ ಐತಿ ನೋಡ್ರಿ!"

ಆಗ ನೀಲಾಂಬಿಕೆ ಮೊದಲ ಸಲ ಸಭೆಯಲ್ಲಿ ಬಾಯಿ ತೆರೆದಳು.

"ಉಳ್ಳಾಗಡ್ಡಿ ಹಾಕಿದ್ರ ಇನ್ನೂ ಛಲೋ ಆಗ್ತೈತ್ರಿ, ಸರ್."

ನಲವತ್ತು ಮಂದಿ ತಲೆ ಬಗ್ಗಿಸಿ ಬರೆದುಕೊಂಡರು.