ಎದುರು ಕೂತವಳು

"ಓದು ನೋಡೂಣು," ಎಂದು ಶಾಲೆಯ ತಪಾಸಣೆಗೆ ಬಂದಿದ್ದ ದಿಪೋಟಿ ಸಾಹೇಬರು ಪುಸ್ತಕವನ್ನು ಖೈರುನ್ನಿಸಾಳ ಕೈಗೆ ಕೊಟ್ಟರು. ಅಡಿವೆಯ್ಯ ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ಮೊದಲು ಎದ್ದ ಹುಡುಗರೆಲ್ಲ ಸಾಹೇಬರ ಕೋಟು ಕಂಡೇ ಬಾಯಿ ಕಟ್ಟಿ ನಿಂತಿದ್ದರು. ಉಳಿದವಳು ಗಾಡಿ ಹೊಡೆಯುವ ಮನ್ಸೂರನ ಈ ಮಗಳೊಬ್ಬಳೇ, ಇಡೀ ಶಾಲೆಗೇ ಚುರುಕು. ಇವಳೂ ಓದದಿದ್ದರೆ ಸರಕಾರದ ಗ್ರ್ಯಾಂಟು ನಿಲ್ಲುತ್ತದೆ. ಗ್ರ್ಯಾಂಟು ನಿಂತರೆ ಹಳಿಯಾಳದ ಮಗ್ಗುಲಿನ ಈ ಊರಿಗೆ ಶಾಲೆಯೇ ಇಲ್ಲ.

ಖೈರುನ್ನಿಸಾ ಕಣ್ಣು ಕಿರಿದು ಮಾಡಿ ಪುಟ ನೋಡಿದಳು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಆಮೇಲೆ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿದು ಗಡಗಡ ಓದತೊಡಗಿದಳು.

ಸಾಹೇಬರು ಪುಸ್ತಕ ಕಸಿದುಕೊಂಡರು. "ಏನ್ರೀ ಮಾಸ್ತರ, ಬಾಯಿಪಾಠ ಮಾಡಿಸಿ ನನ್ನ ಕಣ್ಣಿಗೆ ಮಣ್ಣ ಎರಚತೀರೇನು? ಈಕಿಗೆ ಪುಸ್ತಕ ಹೆಂಗ ಹಿಡೀಬೇಕು ಅನ್ನೂದೂ ಗೊತ್ತಿಲ್ಲ!"

ಅಡಿವೆಯ್ಯನವರಿಗೆ ಆಗ ಹೊಳೆಯಿತು. ಯುದ್ಧ ಶುರುವಾಗಿ ಕಾಗದ ತುಟ್ಟಿಯಾದ ಮೇಲೆ ಶಾಲೆಗೆ ಇದ್ದದ್ದು ಅದೊಂದೇ ಪುಸ್ತಕ. ಅದನ್ನು ನೆಲದ ಮೇಲೆ ಬಿಚ್ಚಿಟ್ಟು ಓದಿಸುತ್ತಿದ್ದರು. ಹುಡುಗರೆಲ್ಲ ಈಚೆ, ಒಬ್ಬಳೇ ಹುಡುಗಿ ಎದುರಿಗೆ. ಹಾಗೆ ಕೂರಿಸಿದವರು ತಾವೇ. ಅವಳು ಕಲಿತ ಅಕ್ಷರವೆಲ್ಲ ತಲೆಕೆಳಗಾಗಿಯೇ ಕಲಿತದ್ದು. ಇಷ್ಟು ದಿನ ಅದು ತಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ! ತಮ್ಮ ಮೇಲೆ ತಮಗೇ ಸಿಟ್ಟು ಬಂತು.

"ಸಾಹೇಬ್ರ, ಇರೂದು ಒಂದ ಪುಸ್ತಕರಿ. ಈ ಹುಡುಗಿ ಎದುರಿಗೆ ಕೂತು..."

"ಸಾಕು ಬಿಡ್ರಿ. ಇಂಥಾ ಕಥಿ ಭಾಳ ಕೇಳೇನಿ."

ಸಾಹೇಬರು ಮೇಜಿಗೆ ಬಾಗಿ ಷರಾ ಬರೆಯತೊಡಗಿದರು. ಮಾಸ್ತರರು ಕೈಕಟ್ಟಿ ನಿಂತರು. ಪುಸ್ತಕ ಕೊಡಿ ಎಂದು ಅರ್ಜಿ ಹಾಕಿ ಸಾಕಾಗಿತ್ತು, ಒಂದಕ್ಕೂ ಉತ್ತರವಿಲ್ಲ. ಶಾಲೆ ಮುಚ್ಚುವುದಕ್ಕೆ ಮಾತ್ರ ಲೇಖಣಿ ಎಷ್ಟು ಬೇಗ ಓಡುತ್ತದೆ! ಖೈರುನ್ನಿಸಾ ಮೇಜಿನ ಆಚೆ, ಸಾಹೇಬರ ಎದುರಿಗೇ ನಿಂತಿದ್ದಳು. ಅವಳ ಕಣ್ಣು ಇನ್ನೂ ಆರದ ಮಸಿಯ ಹಿಂದೆಯೇ ಸರಿಯುತ್ತಿತ್ತು.

"ಇಲ್ಲಿಯ ಮಕ್ಕಳಿಗೆ ಓದಲು ಬರುವುದಿಲ್ಲ," ಎಂದಳು ಗಟ್ಟಿಯಾಗಿ. "ಈ ಶಾಲೆಗೆ ಗ್ರ್ಯಾಂಟು ಕೊಡುವುದು..."

ಲೇಖಣಿ ನಿಂತಿತು. ಸಾಹೇಬರು ತಲೆ ಎತ್ತಿದರು.

ಅವಳು ಕಾಗದದ ಮೇಲಿನ ಕಣ್ಣು ತೆಗೆಯಲಿಲ್ಲ.

"ಮುಂದ ಬರೀರಿ ಸಾಹೇಬ್ರ, ಓದ್ತೇನಿ."