ಫಿಲ್ಮಿನ ಬಿಳಿ ಚುಕ್ಕೆಗಳು

ಪೌಡರಿನ ಘಮ ಮೂಗಿಗೆ ಬಡಿದರೆ ಈಗಲೂ ನನಗೆ ಚಿಕ್ಕಮಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರ್ ನೆನಪಾಗುತ್ತದೆ. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತೆಂದು ಅಮ್ಮ ಬಾಳೂರಿನಿಂದ ನನ್ನನ್ನೂ ಕರೆದುಕೊಂಡು ಬಂದಿದ್ದಳು. ತೆಗೆದ ಎಕ್ಸ್‌ರೇ ಫಿಲ್ಮಿನ ತುಂಬ ಬಿಳಿ ಚುಕ್ಕೆಗಳಿದ್ದವು.

“ಮೈಗೆ ಪೌಡರ್ ಹಾಕಿದ್ದೀರಾ? ಅದೇ ಹೀಗೆ ಕಾಣೋದು,” ಎಂದರು ನರ್ಸ್.

“ಪೇಟೆಗೆ ಬರುವಾಗ ಹಾಕ್ದೆ ಆಗ್ತದಾ ಮಾರಾಯ್ತಿ?” ಎಂದಳು ಅಮ್ಮ.

ಇಬ್ಬರೂ ನಕ್ಕರು. ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ಒಳಗೆ ಹೋದಳು. ಎರಡನೆಯ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು ನರ್ಸೋ ಅಮ್ಮನೋ, ನನ್ನ ನೆನಪನ್ನು ನಾನು ನಂಬಲಾರೆ. ಚುಕ್ಕೆಗಳೆಲ್ಲ ಹೋಗಿದ್ದವು. ಒಂದು ಕಡೆ ಮಾತ್ರ ಬೆಳ್ಳಗೆ ಉಳಿದಿತ್ತು.

“ಅಮ್ಮಾ, ಅಲ್ಲಿ ಒರ್ಸೋದು ಮರ್ತ್ಯಾ?” ಎಂದು ಕೇಳಿದೆ.

ಅಮ್ಮ ಸೆರಗು ಹೊದ್ದುಕೊಂಡು, “ಹೌದು ಮಗಾ, ಮರ್ತೆ,” ಎಂದಳು.